ನರಲೋಕದ ಚಿತ್ರಕಾರ ಸಾಂತಿಯಾಗೊ ರಮೋನ್ ಇ ಕಹಾಲ್

ಇಲಿಯ ತಲೆಬುರುಡೆಯ ಒಳಗೆ, ಮುಂದಣ ಹಿರಿಮಿದುಳಿಗೂ ಹಿಂದಣ ಕಿರುಮಿದುಳಿಗೂ ನಡುವಣ ಸಂದಿನಲ್ಲಿ, ಸಾಸಿವೆಕಾಳಿನಷ್ಟು ಚಿಕ್ಕದಾದ ಒಂದು ಗಂಟು ಇದೆ. ಮನುಷ್ಯನಲ್ಲಿಯೂ ಇಂಥದೇ ಒಂದು ಅಂಗವು ಮಿದುಳಿನ ನಡುವಿನಲ್ಲಿ ಅಡಗಿದೆ. ಅದರ ಆಕಾರವು ಪೈನ್ ಮರದ ಕಾಯಿಯನ್ನು ಹೋಲುವುದರಿಂದ ಅದಕ್ಕೆ ಪೀನಿಯಲ್ ಗ್ರಂಥಿ ಎಂಬ ಹೆಸರು ಬಂದಿತು. ಹದಿನೇಳನೆಯ ಶತಮಾನದ ಫ್ರೆಂಚ್ ತತ್ತ್ವಜ್ಞಾನಿ ಡೇಕಾರ್ಟನು ಮನುಷ್ಯನ ಆತ್ಮಕ್ಕೆ ಇದೇ ಪೀಠವೆಂದು ಬಗೆದನು. ಆದರೆ ಆತ್ಮದ ಮಾತು ಹಾಗಿರಲಿ, ಈ ಗ್ರಂಥಿಯೊಳಕ್ಕೆ ಬರುವ ನರಗಳು ಯಾವುವು, ಅವು ಯಾವ ದಾರಿಯಿಂದ ಬರುತ್ತವೆ ಎಂಬ ಸಾಮಾನ್ಯ ಪ್ರಶ್ನೆಗೂ ಬಹುಕಾಲದವರೆಗೆ ಯಾರಲ್ಲಿಯೂ ಸರಿಯಾದ ಉತ್ತರವಿರಲಿಲ್ಲ. ಆ ನರತಂತುಗಳನ್ನು ಸೂಕ್ಷ್ಮದರ್ಶಕದಲ್ಲಿ ಕಂಡು, ಅವುಗಳ ಜಾತಿಯನ್ನು ಗುರುತಿಸಿದವರಲ್ಲಿ ಮೊದಲಿಗನಾಗಿ ನಿಲ್ಲುವವನು ಸ್ಪೇನ್ ದೇಶದ ಒಬ್ಬ ವೈದ್ಯ. ಬಾಲ್ಯದಲ್ಲಿ ಶಾಲೆಯ ಗುರುಗಳಿಂದಲೂ ಹೆತ್ತ ತಂದೆಯಿಂದಲೂ ಯಾವ ಕೆಲಸಕ್ಕೂ ಬಾರದವನೆಂದು ಎಣಿಸಲ್ಪಟ್ಟವನು. ಆತನ ಹೆಸರು ಸಾಂತಿಯಾಗೊ ರಮೋನ್ ಇ ಕಹಾಲ್.

ಕಹಾಲನು ೧೮೫೨ನೆಯ ಇಸವಿ ಮೇ ೧ರಂದು ಸ್ಪೇನಿನ ಉತ್ತರ ಭಾಗದ ಪೆತಿಲ್ಯ ದೆ ಆರಗೋನ್ ಎಂಬ ಗುಡ್ಡಗಾಡಿನ ಹಳ್ಳಿಯಲ್ಲಿ ಜನಿಸಿದನು. ತಂದೆ ಹುಸ್ತೊ ರಮೋನನು ಬಡತನದಲ್ಲಿ ಬೆಳೆದವನು. ಹಳ್ಳಿಯ ಗಾಯವೈದ್ಯನಾಗಿ ಬಾಳನ್ನಾರಂಭಿಸಿ, ಹಟ ಹಿಡಿದು ಓದಿ, ವೈದ್ಯಪದವಿಯನ್ನು ಗಳಿಸಿಕೊಂಡವನು. ದುಡಿಮೆಯೊಂದನ್ನೇ ದೇವರೆಂದು ನಂಬಿದ ಆ ತಂದೆಗೆ ಮಗನೂ ವೈದ್ಯನಾಗಬೇಕೆಂಬುದೊಂದೇ ಆಸೆ. ಮಗನಿಗೋ ಚಿತ್ರ ಬರೆಯುವ ಹುಚ್ಚು. ಗೋಡೆ, ಬಾಗಿಲು, ಪುಸ್ತಕದ ಅಂಚು, ಎಲ್ಲಿ ಬರಿದಾದ ಸ್ಥಳ ಕಂಡಿತೋ ಅಲ್ಲೆಲ್ಲ ಅವನ ಕೈ ಓಡುತ್ತಿತ್ತು. ತಂದೆಯು ಬಣ್ಣವನ್ನೂ ಕಾಗದವನ್ನೂ ಕಿತ್ತುಕೊಂಡರೆ, ಹುಡುಗನು ಬಚ್ಚಿಟ್ಟುಕೊಂಡು ಬರೆಯುತ್ತಿದ್ದನು. ಕೊನೆಗೊಮ್ಮೆ ತಂದೆಯು ಊರಿನ ಇಗರ್ಜಿಯ ಗೋಡೆಗೆ ಸುಣ್ಣಬಣ್ಣ ಬಳಿಯಲು ಬಂದಿದ್ದ ಕೆಲಸಗಾರನೊಬ್ಬನಿಗೆ ಮಗನ ಚಿತ್ರವನ್ನು ತೋರಿಸಿ ಅಭಿಪ್ರಾಯ ಕೇಳಿದನು. ಹುಡುಗನಲ್ಲಿ ಕಲೆಯ ಸುಳಿವೇ ಇಲ್ಲವೆಂದು ಆ ಬಣ್ಣಗಾರನು ತೀರ್ಪು ಕೊಟ್ಟನು. ತಂದೆಗೆ ಅಷ್ಟೇ ಬೇಕಾಗಿದ್ದಿತು. ಅಂದಿನಿಂದ ಮನೆಯಲ್ಲಿ ಚಿತ್ರಕಲೆಗೆ ಬಾಗಿಲು ಮುಚ್ಚಿತು.

ಬಾಲಕನು ಸಾಧುವೇನೂ ಆಗಿರಲಿಲ್ಲ. ಹನ್ನೊಂದನೆಯ ವಯಸ್ಸಿನಲ್ಲಿ ಮರದ ದಿಮ್ಮಿಯೊಂದನ್ನು ಕೊರೆದು ಫಿರಂಗಿ ಮಾಡಿ, ಮದ್ದು ತುಂಬಿ ಹಾರಿಸಿ, ನೆರೆಯವನ ತೋಟದ ಹೊಸ ಬಾಗಿಲನ್ನು ಒಡೆದುಹಾಕಿದನು. ಇದಕ್ಕಾಗಿ ಅವನನ್ನು ಊರಿನ ಬಂದೀಖಾನೆಯಲ್ಲಿ ಕೆಲವು ದಿನ ಕೂಡಿಹಾಕಿದರು. ತಂದೆಯು ಬಿಡಿಸಿಕೊಂಡು ಬರುವ ಬದಲು, ಶಿಕ್ಷೆ ಸರಿಯಾಗಿಯೇ ಇದೆಯೆಂದನು. ಹಾಕಾ ಪಟ್ಟಣದ ಪಾದ್ರಿಗಳ ಶಾಲೆಯಲ್ಲಿ ಬಾಯಿಪಾಠವೇ ವಿದ್ಯೆ, ಬೆತ್ತವೇ ಗುರು. ಅರ್ಥವಿಲ್ಲದೆ ಉರುಹೊಡೆಯುವುದು ಹುಡುಗನಿಗೆ ಒಗ್ಗಲಿಲ್ಲ. ಏಟುಗಳೂ ಉಪವಾಸದ ಶಿಕ್ಷೆಗಳೂ ದಿನನಿತ್ಯದವಾದುವು. ಓದು ಹತ್ತದೆಂದು ಬೇಸತ್ತ ತಂದೆಯು ಅವನನ್ನು ಒಮ್ಮೆ ಕ್ಷೌರಿಕನ ಬಳಿಯಲ್ಲಿಯೂ ಇನ್ನೊಮ್ಮೆ ಚಮ್ಮಾರನ ಬಳಿಯಲ್ಲಿಯೂ ಕೆಲಸ ಕಲಿಯಲು ಬಿಟ್ಟನು. ಚಮ್ಮಾರನ ಅಂಗಡಿಯಲ್ಲಿ ಹುಡುಗನ ಕೈಚಳಕವನ್ನು ಎಲ್ಲರೂ ಮೆಚ್ಚಿದರು. ಆ ಕೈಗಳಿಗೆ ತಕ್ಕ ಕೆಲಸ ಮಾತ್ರ ಇನ್ನೂ ದೊರೆತಿರಲಿಲ್ಲ.

ಅದು ದೊರೆತದ್ದು ೧೮೬೮ರ ಬೇಸಿಗೆಯಲ್ಲಿ. ಮಗನ ಮನಸ್ಸನ್ನು ವೈದ್ಯದ ಕಡೆಗೆ ತಿರುಗಿಸಲು ತಂದೆಯು ಹೊಸ ಉಪಾಯವನ್ನು ಹೂಡಿದನು. ಹಳೆಯ ಸ್ಮಶಾನದಲ್ಲಿ ಹೊರಬಿದ್ದಿದ್ದ ಎಲುಬುಗಳನ್ನು ಇಬ್ಬರೂ ಆಯ್ದು ತಂದರು. ತಂದೆಯು ಒಂದೊಂದನ್ನೂ ಕೈಯಲ್ಲಿ ಹಿಡಿದು ಅದರ ಏಣು, ಕುಳಿ, ರಂಧ್ರಗಳನ್ನು ವಿವರಿಸುತ್ತ ಹೋದನು. ಹುಡುಗನು ಕೇಳುವುದಕ್ಕಿಂತ ಹೆಚ್ಚಾಗಿ ನೋಡಿದನು. ನೋಡಿದ್ದನ್ನು ಬರೆದನು. ಚಿತ್ರಗಾರನ ಕಣ್ಣಿಗೆ ಎಲುಬು ಸತ್ತ ವಸ್ತುವಾಗಿ ತೋರಲಿಲ್ಲ; ಅದು ರೂಪದ ಒಂದು ಹೊಸ ಲೋಕವಾಗಿ ತೋರಿತು. ಮುಂದೆ ಸರಗೋಸದ ವೈದ್ಯಶಾಲೆಯಲ್ಲಿ ತಂದೆಯೇ ಅಂಗಚ್ಛೇದನವನ್ನು ಕಲಿಸುತ್ತಿದ್ದಾಗ, ಮಗನು ಶವಗಳನ್ನು ಬಿಡಿಸಿ ಬಣ್ಣದ ಚಿತ್ರಗಳನ್ನು ಬರೆಯತೊಡಗಿದನು. ಒಂದು ಕಾಲಕ್ಕೆ ಮಗನ ಕಾಗದಗಳನ್ನು ಕಿತ್ತು ಎಸೆಯುತ್ತಿದ್ದ ತಂದೆಯು ಈಗ ಆ ಚಿತ್ರಗಳನ್ನು ಜತನದಿಂದ ಕೂಡಿಟ್ಟು, ಅವನ್ನು ಅಚ್ಚು ಹಾಕಿಸುವ ಕನಸು ಕಂಡನು. ಅಲ್ಲಿನ ಮುದ್ರಣಕಲೆ ಅಷ್ಟು ಮುಂದುವರಿದಿರದ ಕಾರಣ ಆ ಕನಸು ಕೈಗೂಡಲಿಲ್ಲ. ಆದರೆ ತಂದೆಮಕ್ಕಳ ಬಹುದಿನದ ಜಗಳ ಅಲ್ಲಿಗೆ ಮುಗಿಯಿತು.

೧೮೭೩ರಲ್ಲಿ ಕಹಾಲನು ವೈದ್ಯಪರೀಕ್ಷೆಯಲ್ಲಿ ತೇರ್ಗಡೆ ಹೊಂದಿದನು. ಕಡ್ಡಾಯ ಸೈನ್ಯಸೇವೆಯ ಕರೆ ಬಂದು, ಮರುವರ್ಷ ಸೇನಾವೈದ್ಯನಾಗಿ ಆಗ ಸ್ಪೇನಿನ ಆಳ್ವಿಕೆಯಲ್ಲಿದ್ದ ಕ್ಯೂಬಾ ದ್ವೀಪಕ್ಕೆ ಹಡಗು ಹತ್ತಿದನು. ಅಲ್ಲಿನ ಜೌಗುನೆಲದ ಆಸ್ಪತ್ರೆಗಳಲ್ಲಿ ಗುಂಡೇಟಿಗಿಂತ ಜ್ವರದಿಂದ ಸಾಯುವವರೇ ಹೆಚ್ಚು. ವೈದ್ಯನೂ ರೋಗಿಯಾದನು. ಮಲೇರಿಯಾ ಮತ್ತು ಆಮಶಂಕೆಗಳಿಂದ ಎಲುಬಿನ ಹಂದರವಾಗಿ ೧೮೭೫ರಲ್ಲಿ ತಾಯ್ನಾಡಿಗೆ ಹಿಂದಿರುಗಿದನು. ಆ ದುಡಿಮೆಯಲ್ಲಿ ಉಳಿದ ಹಣದಿಂದ ಆತನು ಕೊಂಡದ್ದು ಒಂದು ಸೂಕ್ಷ್ಮದರ್ಶಕ. ಮನೆಯ ಮಾಳಿಗೆಯ ಕೋಣೆಯೊಂದು ಪ್ರಯೋಗಶಾಲೆಯಾಯಿತು. ಕೆಲವು ವರ್ಷಗಳಲ್ಲಿ ಕ್ಷಯರೋಗವೂ ಕಾಡಿತು. ರಕ್ತ ಕಾರಿ ಹಾಸಿಗೆ ಹಿಡಿದನು. ಬೆಟ್ಟದ ಹವೆಯಲ್ಲಿ ಚೇತರಿಸಿಕೊಂಡು ಮತ್ತೆ ಕೆಲಸಕ್ಕೆ ತೊಡಗಿದನು. ೧೮೭೯ರಲ್ಲಿ ಸಿಲ್ವೇರಿಯಾ ಫನ್ಯಾನಾಸ್ ಎಂಬಾಕೆಯೊಡನೆ ಆತನ ಮದುವೆಯಾಯಿತು. ಕೊರತೆಯ ಸಂಸಾರವನ್ನು ಆಕೆ ಗೊಣಗದೆ ತೂಗಿಸಿದಳು. ಮನೆಯಲ್ಲಿ ಛಾಯಾಚಿತ್ರದ ಗಾಜಿನ ಫಲಕಗಳನ್ನು ತಯಾರಿಸುವುದರಲ್ಲಿಯೂ ಪತಿಗೆ ನೆರವಾದಳು. ಬೆಳ್ಳಿಯ ಲವಣಗಳು ಬೆಳಕಿಗೆ ಕಪ್ಪಾಗುವ ಬಗೆಯನ್ನು ಆತನು ಹೀಗೆ ಕೈಯಾರೆ ಕಲಿತದ್ದು ಮುಂದೆ ಬಹಳ ಉಪಯೋಗಕ್ಕೆ ಬಂದಿತು.

೧೮೮೩ರಲ್ಲಿ ಕಹಾಲನು ವಲೆನ್ಸಿಯಾದಲ್ಲಿ ಅಂಗರಚನಾಶಾಸ್ತ್ರದ ಪ್ರಾಧ್ಯಾಪಕನಾದನು. ಎರಡು ವರ್ಷಗಳ ತರುವಾಯ ಆ ಪ್ರಾಂತದಲ್ಲಿ ಕಾಲರಾ ಪಿಡುಗು ಹಬ್ಬಿತು. ಸರಗೋಸದ ಪ್ರಾಂತಾಡಳಿತದ ಕೋರಿಕೆಯಂತೆ ಆತನು ರೋಗಾಣುವನ್ನು ಕುರಿತು ಶೋಧನೆ ನಡೆಸಿ ವರದಿ ಬರೆದುಕೊಟ್ಟನು. ಕೃತಜ್ಞತೆಯ ಕಾಣಿಕೆಯಾಗಿ ಆಡಳಿತದವರು ಆತನಿಗೆ ಜರ್ಮನಿಯ ಝೈಸ್ ಕಾರ್ಖಾನೆಯ ಉತ್ತಮವಾದ ಸೂಕ್ಷ್ಮದರ್ಶಕವೊಂದನ್ನು ಕೊಟ್ಟರು. ಬಡ ಪ್ರಾಧ್ಯಾಪಕನಿಗೆ ಅದು ರಾಜ್ಯ ಸಿಕ್ಕಂತಾಯಿತು.

ಇಲ್ಲಿ ಆ ಕಾಲದ ದೊಡ್ಡ ವಿವಾದವೊಂದನ್ನು ತಿಳಿಯಬೇಕು. ದೇಹದ ಉಳಿದೆಲ್ಲ ಭಾಗಗಳು ಬಿಡಿಬಿಡಿಯಾದ ಜೀವಕೋಶಗಳಿಂದಾದವು ಎಂಬುದು ಆ ವೇಳೆಗೆ ಸಿದ್ಧವಾಗಿದ್ದಿತು. ಆದರೆ ಮಿದುಳು ಮಾತ್ರ ಇದಕ್ಕೆ ಹೊರತೆಂದು ಅನೇಕ ಪಂಡಿತರು ನಂಬಿದ್ದರು. ನರಕೋಶಗಳ ಕವಲುಗಳೆಲ್ಲ ಒಂದರೊಳಗೊಂದು ಬೆಸೆದು, ಕೊನೆಮೊದಲಿಲ್ಲದ ಒಂದು ಬಲೆಯಾಗಿವೆಯೆಂದು ಅವರ ವಾದ. ಇಟಲಿಯ ಕಮಿಲೊ ಗೋಲ್ಜಿಯು ಈ ಪಕ್ಷದ ಹಿರಿಯ. ಆತನೇ ೧೮೭೩ರಲ್ಲಿ ಒಂದು ಅದ್ಭುತವಾದ ವಿಧಾನವನ್ನು ಕಂಡುಹಿಡಿದಿದ್ದನು. ಮಿದುಳಿನ ತುಣುಕನ್ನು ಪೊಟ್ಯಾಸಿಯಂ ಡೈಕ್ರೊಮೇಟಿನಲ್ಲಿ ಗಟ್ಟಿಗೊಳಿಸಿ, ಆಮೇಲೆ ಸಿಲ್ವರ್ ನೈಟ್ರೇಟಿನಲ್ಲಿ ಅದ್ದಿಟ್ಟರೆ, ಸಾವಿರಾರು ಕೋಶಗಳಲ್ಲಿ ಎಲ್ಲೋ ಕೆಲವು ಮಾತ್ರ ತಮ್ಮ ಎಲ್ಲ ಕವಲುಗಳೊಡನೆ ಅಚ್ಚ ಕಪ್ಪಾಗಿ ನಿಲ್ಲುತ್ತವೆ. ಸುತ್ತಲಿನ ಹಿನ್ನೆಲೆ ಹಳದಿಯಾಗಿ ಉಳಿಯುತ್ತದೆ. ಆದರೆ ಈ ವಿಧಾನವು ಒಮ್ಮೆ ಫಲಿಸಿದರೆ ಹತ್ತು ಸಲ ಕೈಕೊಡುತ್ತಿದ್ದುದರಿಂದ ಯೂರೋಪಿನ ವಿದ್ವಾಂಸರು ಅದನ್ನು ಹೆಚ್ಚಾಗಿ ಕಡೆಗಣಿಸಿದ್ದರು.

೧೮೮೭ರಲ್ಲಿ ಮದ್ರಿದಿಗೆ ಹೋಗಿದ್ದಾಗ ಕಹಾಲನು ಲೂಯಿಸ್ ಸಿಮರ್ರೊ ಎಂಬ ವೈದ್ಯನ ಮನೆಯಲ್ಲಿ ಗೋಲ್ಜಿಯ ವಿಧಾನದಿಂದ ಸಿದ್ಧಪಡಿಸಿದ ತುಣುಕುಗಳನ್ನು ನೋಡಿದನು. ನೋಡಿದ ಕ್ಷಣವೇ ತನ್ನ ದಾರಿ ಇದೆಂದು ನಿಶ್ಚಯಿಸಿದನು. ಅದೇ ವರ್ಷ ಬಾರ್ಸಿಲೋನಾಕ್ಕೆ ವರ್ಗವಾಗಿ ಹೋಗಿ, ಹಗಲಿರುಳು ಅದರಲ್ಲಿಯೇ ತೊಡಗಿದನು. ಚದುರಂಗದಾಟದ ಗೀಳೊಂದು ಹತ್ತಿದ್ದಿತು, ಅದನ್ನೂ ಬಿಟ್ಟನು. ವಿಧಾನವನ್ನು ಎರಡು ರೀತಿಯಲ್ಲಿ ತಿದ್ದಿದನು. ಮೊದಲನೆಯದು, ಬೆಳ್ಳಿಯ ದ್ರಾವಣದಲ್ಲಿ ಅದ್ದುವ ಕ್ರಿಯೆಯನ್ನು ಮತ್ತೆ ಮತ್ತೆ ನಡೆಸುವುದು. ಎರಡನೆಯದು, ಬೆಳೆದ ಪ್ರಾಣಿಯ ಮಿದುಳಿಗೆ ಬದಲು ಭ್ರೂಣಗಳನ್ನೂ ಎಳೆಯ ಮರಿಗಳನ್ನೂ ಆರಿಸಿಕೊಳ್ಳುವುದು. ಸಿಕ್ಕುಸಿಕ್ಕಾದ ನೂಲಿನುಂಡೆಯಲ್ಲಿ ಒಂದೆಳೆಯನ್ನು ಹುಡುಕುವುದಕ್ಕಿಂತ, ಸಿಕ್ಕಾಗುವ ಮೊದಲೇ ಎಳೆಯನ್ನು ನೋಡುವುದು ಸುಲಭವಲ್ಲವೆ? ಎಳೆಯ ಮರಿಗಳ ನರತಂತುಗಳಿಗೆ ಕೊಬ್ಬಿನ ಹೊದಿಕೆಯಿನ್ನೂ ಕೂಡಿರುವುದಿಲ್ಲ. ಆದುದರಿಂದ ಬೆಳ್ಳಿಯು ಅವನ್ನು ತಡೆಯಿಲ್ಲದೆ ಹಿಡಿಯುತ್ತದೆ.

೧೮೮೮ರಲ್ಲಿ ಆತನು ಹಕ್ಕಿಯ ಕಿರುಮಿದುಳನ್ನು ಪರೀಕ್ಷಿಸಿ ಕಂಡದ್ದು ಇದು: ನರತಂತುವು ಇನ್ನೊಂದು ಕೋಶದ ಸಮೀಪಕ್ಕೆ ಬರುತ್ತದೆ, ಅದರ ಮೈಯನ್ನು ಬುಟ್ಟಿಯಂತೆ ಸುತ್ತುವರಿಯುತ್ತದೆ, ಬಳ್ಳಿಯಂತೆ ಅಪ್ಪಿ ಹಬ್ಬುತ್ತದೆ, ಆದರೆ ಅದರಲ್ಲಿ ಕರಗಿಹೋಗುವುದಿಲ್ಲ. ಮರಕ್ಕೆ ಮಲ್ಲಿಗೆಯ ಬಳ್ಳಿ ಎಷ್ಟೇ ಹೆಣೆದುಕೊಂಡರೂ ಮರ ಮರವೇ, ಬಳ್ಳಿ ಬಳ್ಳಿಯೇ. ಹಾಗೆ ಪ್ರತಿಯೊಂದು ನರಕೋಶವೂ ಸ್ವತಂತ್ರವಾದ ಘಟಕ. ಬಲೆಯೆಂಬುದಿಲ್ಲ, ಇರುವುದು ನೆರೆಹೊರೆಯ ಕೂಟ. ಇದನ್ನು ಪ್ರಕಟಿಸಲು ಆತನಿಗೆ ಪತ್ರಿಕೆಯಿರಲಿಲ್ಲ. ಅದಕ್ಕಾಗಿ ಸ್ವಂತ ಖರ್ಚಿನಿಂದಲೇ ಒಂದು ತ್ರೈಮಾಸಿಕವನ್ನು ಹೊರಡಿಸಿದನು. ಅಚ್ಚಾದುವು ೬೦ ಪ್ರತಿಗಳು. ಬಹುಪಾಲು ಹೊರನಾಡುಗಳ ವಿದ್ವಾಂಸರಿಗೆ ಹೋದುವು. ಅದೇ ಬಾರ್ಸಿಲೋನಾದ ದಿನಗಳಲ್ಲಿ ಆತನ ಎಳೆಯ ಮಗಳೊಬ್ಬಳು ಮಿದುಳಿನ ಪೊರೆಯ ಜ್ವರದಿಂದ ತೀರಿಕೊಂಡಳು. ಮಿದುಳಿನ ರಹಸ್ಯವನ್ನು ಬಿಡಿಸುತ್ತಿದ್ದ ತಂದೆಗೆ ಮಗಳ ಮಿದುಳಿಗೆ ತಗುಲಿದ ರೋಗವನ್ನು ತಡೆಯಲಾಗಲಿಲ್ಲ. ಆತನು ದುಃಖವನ್ನು ನುಂಗಿಕೊಂಡು ಮತ್ತೆ ಸೂಕ್ಷ್ಮದರ್ಶಕದ ಮುಂದೆ ಕುಳಿತನು.

ಹೊರನಾಡುಗಳಿಂದ ಮಾತ್ರ ಉತ್ತರವೇ ಬರಲಿಲ್ಲ. ಕಾರಣ ಸರಳವಾಗಿದ್ದಿತು: ವಿಜ್ಞಾನದ ಲೋಕದಲ್ಲಿ ಸ್ಪ್ಯಾನಿಷ್ ಭಾಷೆಯನ್ನು ಓದುವವರೇ ವಿರಳ. ಕಹಾಲನು ಕೈಕಟ್ಟಿ ಕುಳಿತುಕೊಳ್ಳಲಿಲ್ಲ. ಬರಹಗಳನ್ನು ಫ್ರೆಂಚ್ ಭಾಷೆಗೆ ತಿರುಗಿಸಿದನು. ೧೮೮೯ರ ಅಕ್ಟೋಬರಿನಲ್ಲಿ, ಉಳಿತಾಯದ ಹಣವನ್ನೆಲ್ಲ ಕೂಡಿಸಿಕೊಂಡು, ಗಾಜಿನ ಫಲಕಗಳ ಪೆಟ್ಟಿಗೆಯೊಡನೆ ಬರ್ಲಿನ್ನಿನಲ್ಲಿ ನಡೆದ ಅಂಗರಚನಾಶಾಸ್ತ್ರಜ್ಞರ ಸಮ್ಮೇಳನಕ್ಕೆ ಹೋದನು. ಸಭಿಕರಲ್ಲಿ ಹಲವರು ಅಪರಿಚಿತನಾದ ಈ ಸ್ಪೇನಿನವನನ್ನು ಅನುಮಾನದಿಂದಲೇ ನೋಡಿದರು. ಆತನು ತಡವರಿಸುವ ಫ್ರೆಂಚಿನಲ್ಲಿ ವಿವರಿಸುತ್ತ, ಮಾತಿಗಿಂತ ಸೂಕ್ಷ್ಮದರ್ಶಕವನ್ನೇ ಮುಂದಿಟ್ಟನು. ವಯೋವೃದ್ಧನೂ ಲೋಕಮಾನ್ಯನೂ ಆಗಿದ್ದ ಆಲ್ಬರ್ಟ್ ಕ್ಯೋಲಿಕರನು ಕಣ್ಣಿಟ್ಟು ನೋಡಿದನು, ನಂಬಿದನು. ಎಪ್ಪತ್ತು ದಾಟಿದ ಆ ಪಂಡಿತನು ತನ್ನ ಹಿಂದಿನ ಮತವನ್ನು ಬಿಟ್ಟುಕೊಟ್ಟದ್ದಲ್ಲದೆ, ಕಹಾಲನ ಬರಹಗಳನ್ನು ಮೂಲದಲ್ಲಿಯೇ ಓದಬೇಕೆಂದು ಸ್ಪ್ಯಾನಿಷ್ ಭಾಷೆಯನ್ನು ಕಲಿತನು. ಎರಡು ವರ್ಷಗಳಲ್ಲಿ, ೧೮೯೧ರಲ್ಲಿ, ಜರ್ಮನಿಯ ವಾಲ್ಡೆಯರನು ಈ ಸ್ವತಂತ್ರ ಘಟಕಕ್ಕೆ ನ್ಯೂರಾನ್ ಎಂಬ ಹೆಸರನ್ನಿಟ್ಟನು. ನರದೊಳಗಿನ ಸಂದೇಶವು ಕವಲುಗಳಿಂದ ಕೋಶದ ಮೈಗೂ, ಅಲ್ಲಿಂದ ನೀಳವಾದ ತಂತುವಿಗೂ ಒಂದೇ ದಿಕ್ಕಿನಲ್ಲಿ ಹರಿಯುತ್ತದೆಂಬ ನಿಯಮವನ್ನೂ ಕಹಾಲನು ಆ ಕಾಲದಲ್ಲಿಯೇ ಮಂಡಿಸಿದನು.

೧೮೯೨ರಲ್ಲಿ ಮದ್ರಿದ್ ವಿಶ್ವವಿದ್ಯಾನಿಲಯದ ಪೀಠ ಲಭಿಸಿತು. ೧೮೯೪ರಲ್ಲಿ ಲಂಡನ್ನಿನ ರಾಯಲ್ ಸೊಸೈಟಿಯು ಉಪನ್ಯಾಸಕ್ಕೆ ಆಹ್ವಾನಿಸಿತು, ಕೇಂಬ್ರಿಜ್ ಗೌರವಪದವಿಯನ್ನಿತ್ತಿತು. ಆದರೆ ಆತನ ಬಾಳಿನ ಮುಖ್ಯ ಕೃತಿಯೆಂದರೆ ೧೮೯೯ರಿಂದ ೧೯೦೪ರ ವರೆಗೆ ಪ್ರಕಟವಾದ, ಮನುಷ್ಯನ ಮತ್ತು ಕಶೇರುಕಗಳ ನರಮಂಡಲವನ್ನು ಕುರಿತ ಮಹಾಗ್ರಂಥ. ಅದರಲ್ಲಿ ನೂರಾರು ಚಿತ್ರಗಳು ಆತನ ಕೈಯವೇ. ನರಮಂಡಲದ ಮೂಲೆಮೂಲೆಯನ್ನೂ ಬಿಡದೆ ಹುಡುಕಿದ ಆ ಗ್ರಂಥದಲ್ಲಿ ನಾವು ಮೊದಲು ಹೇಳಿದ ಪೀನಿಯಲ್ ಗ್ರಂಥಿಗೂ ಸ್ಥಳ ದೊರೆತಿದೆ.

ದಂಶಕಗಳೆಂದರೆ ಇಲಿ, ಅಳಿಲುಗಳಂತೆ ಸದಾ ಬೆಳೆಯುವ ಬಾಚಿಹಲ್ಲುಗಳಿಂದ ಕೊರೆದು ತಿನ್ನುವ ಪ್ರಾಣಿಗಳು. ಇಂಥ ಚಿಕ್ಕ ಪ್ರಾಣಿಗಳ ಗ್ರಂಥಿಯನ್ನು ಬೆಳ್ಳಿಯಿಂದ ಬಣ್ಣಗಟ್ಟಿಸಿ ನೋಡಿದಾಗ, ಹೊರಗಿನಿಂದ ರಕ್ತನಾಳಗಳ ಜೊತೆಗೂಡಿ ಒಳಹೊಗುವ ಸಣ್ಣ ನರತಂತುಗಳು ಕಹಾಲನಿಗೆ ಕಂಡುವು. ಒಳಗೆ ಬಂದ ಮೇಲೆ ಅವು ಕವಲೊಡೆದು, ಗ್ರಂಥಿಯ ಕೋಶಗಳ ನಡುವೆ ದಟ್ಟವಾಗಿ ಹಬ್ಬಿ ಜಾಲವನ್ನು ಕಟ್ಟುತ್ತವೆ. ಇದರಲ್ಲಿ ಸೋಜಿಗವೇನೆಂದರೆ, ಗ್ರಂಥಿಯಿರುವುದು ಮಿದುಳಿಗೆ ಅಂಟಿಕೊಂಡು, ಅದರ ಭಾಗವೇ ಎಂಬಂತೆ. ಹಾಗಿದ್ದೂ ಅದರ ನರಗಳು ಬಳಿಯ ಮಿದುಳಿನಿಂದ ಬಾರದೆ ರಕ್ತನಾಳಗಳ ದಾರಿ ಹಿಡಿದು ಬರುತ್ತವೆ. ಹೃದಯದ ಬಡಿತ, ರಕ್ತನಾಳಗಳ ಬಿಗಿತ ಮೊದಲಾದ, ನಮ್ಮ ಇಚ್ಛೆಗೆ ಒಳಪಡದ ಕೆಲಸಗಳನ್ನು ನಡೆಸುವ ಅನುವೇದನಾ ನರಗಳ ಜಾತಿಗೆ ಇವು ಸೇರಿದವೆಂದು ಆತನು ತೀರ್ಮಾನಿಸಿದನು. ಅವು ಎಲ್ಲಿಂದ ಹೊರಡುತ್ತವೆಂದು ತೋರಿಸಿಕೊಡುವ ಸಾಧನ ಆ ಕಾಲದಲ್ಲಿ ಇರಲಿಲ್ಲ. ಕಂಡದ್ದನ್ನು ಕಂಡಷ್ಟೇ ಬರೆದು ಆತನು ಮುಂದೆ ಸಾಗಿದನು.

೧೯೦೬ರಲ್ಲಿ ನೊಬೆಲ್ ಬಹುಮಾನ ಬಂದಿತು. ಅದನ್ನು ಹಂಚಿಕೊಂಡವನು ಬೇರೆ ಯಾರೂ ಅಲ್ಲ, ಗೋಲ್ಜಿಯೇ. ಒಬ್ಬನು ವಿಧಾನವನ್ನು ಕೊಟ್ಟವನು, ಮತ್ತೊಬ್ಬನು ಅದೇ ವಿಧಾನದಿಂದ ಮೊದಲಿನವನ ಸಿದ್ಧಾಂತವನ್ನು ಮುರಿದವನು. ಸ್ಟಾಕ್‌ಹೋಮಿನಲ್ಲಿ ಇಬ್ಬರೂ ಮೊದಲ ಬಾರಿಗೆ ಎದುರುಬದುರಾದರು. ಗೋಲ್ಜಿಯು ತನ್ನ ಭಾಷಣದಲ್ಲಿ ನ್ಯೂರಾನ್ ಸಿದ್ಧಾಂತವನ್ನು ಖಂಡಿಸಿದನು. ಮರುದಿನ ಕಹಾಲನು ತನ್ನ ಸರದಿ ಬಂದಾಗ, ಎದುರಾಳಿಯ ವಿಧಾನಕ್ಕೆ ಸಲ್ಲಬೇಕಾದ ಗೌರವವನ್ನು ಸಲ್ಲಿಸಿ, ತಾನು ಕಂಡ ಸಂಗತಿಗಳನ್ನು ಶಾಂತವಾಗಿ ಮುಂದಿಟ್ಟನು. ಅದೇ ವರ್ಷ ಸರಕಾರವು ವಿದ್ಯಾಮಂತ್ರಿಯ ಪದವಿಯನ್ನು ನೀಡಲು ಬಂದಾಗ ಆತನು ಒಲ್ಲೆನೆಂದನು. ಪ್ರಯೋಗಶಾಲೆಯೇ ಆತನ ಸಿಂಹಾಸನ. ನರಮಂಡಲದ ಇತರ ಕೋಶಗಳನ್ನು ಬೆಳಕಿಗೆ ತಂದ ಪೀಯೊ ದೆಲ್ ರೀಯೊ ಒರ್ತೇಗನಂಥ ಹಿರಿಯ ಶೋಧಕರು ಆತನ ಬಳಗದಿಂದ ಹೊರಹೊಮ್ಮಿದರು. ೧೯೩೦ರಲ್ಲಿ ಪತ್ನಿ ಅಗಲಿದಳು. ಇಳಿವಯಸ್ಸಿನಲ್ಲಿಯೂ ಬರವಣಿಗೆಯನ್ನು ಬಿಡದ ಕಹಾಲನು ೧೯೩೪ರ ಅಕ್ಟೋಬರ್ ೧೭ರಂದು ಮದ್ರಿದಿನಲ್ಲಿ ಕಣ್ಣುಮುಚ್ಚಿದನು.

ಆತನು ಬಿಟ್ಟುಹೋದ ಎಳೆಯನ್ನು ಮುಂದಿನವರು ಹಿಡಿದರು. ೧೯೫೦ರ ದಶಕದಲ್ಲಿ ಎಲೆಕ್ಟ್ರಾನ್ ಸೂಕ್ಷ್ಮದರ್ಶಕವು ಎರಡು ನರಕೋಶಗಳ ನಡುವಣ ಅತಿಸಣ್ಣ ಬಿರುಕನ್ನು ತೋರಿಸಿಕೊಟ್ಟಿತು, ವಿವಾದ ತೀರಿತು. ೧೯೫೮ರಲ್ಲಿ ಅಮೆರಿಕದ ಏರನ್ ಲರ್ನರನೂ ಆತನ ಸಂಗಡಿಗರೂ ದನಗಳ ಪೀನಿಯಲ್ ಗ್ರಂಥಿಗಳಿಂದ ಮೆಲಟೊನಿನ್ ಎಂಬ ರಸವನ್ನು ಬೇರ್ಪಡಿಸಿದರು. ೧೯೬೦ರಲ್ಲಿ ಡಚ್ ವಿಜ್ಞಾನಿ ಆರಿಯನ್ಸ್ ಕಾಪರ್ಸನು ಇಲಿಯ ಗ್ರಂಥಿಯ ನರಗಳನ್ನು ಕುರಿತು ವಿಸ್ತಾರವಾದ ಶೋಧನೆಯನ್ನು ಪ್ರಕಟಿಸಿದನು. ಕತ್ತಿನ ಮೇಲ್ಭಾಗದ ಎರಡು ಪಕ್ಕಗಳಲ್ಲಿರುವ ನರಗಂಟುಗಳನ್ನು ತೆಗೆದುಹಾಕಿದರೆ ಗ್ರಂಥಿಯೊಳಗಿನ ಆ ತಂತುಗಳು ನಶಿಸಿಹೋಗುತ್ತವೆ. ಆದುದರಿಂದ ಅವು ಹೊರಡುವುದು ಆ ನರಗಂಟುಗಳಿಂದಲೇ. ಕಹಾಲನು ಜಾತಿಯನ್ನು ಗುರುತಿಸಿದ್ದ ನರಗಳಿಗೆ ಹೀಗೆ ತವರೂ ತಿಳಿಯಿತು. ಮಿದುಳಿನಿಂದ ನೇರವಾಗಿ ಬರುವ ಕೆಲವು ತಂತುಗಳೂ ಉಂಟೆಂದು ಆಮೇಲೆ ಕಂಡುಬಂದರೂ, ಮುಖ್ಯವಾದ ಹಾದಿ ಕತ್ತಿನಿಂದ ಬರುವುದೇ.

ಈಗ ಆ ಹಾದಿಯೆಲ್ಲವೂ ತಿಳಿದಿದೆ. ಕಣ್ಣಿನ ಒಳಪೊರೆಗೆ ಬಿದ್ದ ಬೆಳಕಿನ ಸುದ್ದಿಯು ಮಿದುಳಿನ ಬುಡದಲ್ಲಿರುವ ಗಡಿಯಾರದಂಥ ಕೇಂದ್ರಕ್ಕೆ ಮುಟ್ಟುತ್ತದೆ. ಅಲ್ಲಿಂದ ಬೆನ್ನುಹುರಿಗಿಳಿದು, ಕತ್ತಿನ ನರಗಂಟಿಗೆ ಏರಿ, ಕಹಾಲನು ಕಂಡ ತಂತುಗಳ ಮೂಲಕ ಪೀನಿಯಲ್ ಗ್ರಂಥಿಯನ್ನು ಸೇರುತ್ತದೆ. ಕತ್ತಲೆ ಕವಿದಾಗ ಆ ತಂತುಗಳ ತುದಿಗಳು ನಾರ್‌ಅಡ್ರಿನಲಿನ್ ಎಂಬ ವಸ್ತುವನ್ನು ಸೂಸುತ್ತವೆ. ಗ್ರಂಥಿಯು ಮೆಲಟೊನಿನನ್ನು ತಯಾರಿಸುತ್ತದೆ. ಇರುಳೆಲ್ಲ ಓಡಾಡುವ ಇಲಿಯಲ್ಲಿಯೂ, ಇರುಳು ಮಲಗುವ ಮನುಷ್ಯನಲ್ಲಿಯೂ ಈ ರಸ ಏರುವುದು ರಾತ್ರಿಯಲ್ಲಿಯೇ. ಇದು ಮೈಗೆ ರಾತ್ರಿಯಾಯಿತೆಂದು ಸಾರುವ ಡಂಗುರ. ದೀಪಗಳು ಆರದ ಈ ಮಹಾನಗರದಲ್ಲಿ ನಡುರಾತ್ರಿಯವರೆಗೆ ಪ್ರಖರವಾದ ಬೆಳಕಿನಲ್ಲಿ ಕುಳಿತಿರುವ ನಮ್ಮ ಮೈಯಲ್ಲಿ ಆ ಡಂಗುರದ ಸದ್ದು ಅಡಗಿ ತಡವಾಗುತ್ತದೆ ಎಂಬುದನ್ನು ವಿದ್ಯಾರ್ಥಿಗಳಾದ ನಾವು ನೆನಪಿಡುವುದು ಲೇಸು.

ಕಹಾಲನ ಬಾಳಿನಲ್ಲಿ ವ್ಯರ್ಥವಾಗಿ ಹೋದದ್ದೊಂದೂ ಇಲ್ಲವೆಂದು ತೋರುತ್ತದೆ. ಬಣ್ಣಗಾರನು ಹಳಿದ ಕೈಯೇ ನರಕೋಶವನ್ನು ಚಿತ್ರಿಸಿತು. ಚಮ್ಮಾರನ ಅಂಗಡಿಯಲ್ಲಿ ಪಳಗಿದ ಬೆರಳುಗಳೇ ಮಿದುಳಿನ ಎಳೆಗಳನ್ನು ಸೀಳಿದುವು. ಛಾಯಾಚಿತ್ರದ ಗೀಳಿನಿಂದ ಕಲಿತ ಬೆಳ್ಳಿಯ ವಿದ್ಯೆಯು ೧೯೦೩ರಲ್ಲಿ ನರತಂತುಗಳನ್ನು ಬಣ್ಣಗಟ್ಟಿಸುವ ಆತನದೇ ಆದ ಹೊಸ ವಿಧಾನಕ್ಕೆ ದಾರಿಯಾಯಿತು. ಇನ್ನೊಂದು ಸಂಗತಿ ನಮ್ಮಂಥವರಿಗೆ ಹತ್ತಿರದ್ದು. ಹೊರಗೆ ಬೇರೆ ನುಡಿಗಳು ತುಂಬಿರುವ ನಗರದಲ್ಲಿ ನಾವು ತಾಯ್ನುಡಿಯಲ್ಲಿ ಓದುತ್ತಿದ್ದೇವೆ. ಇದರಿಂದ ಏನು ಫಲವೆಂದು ಕೇಳುವವರು ಉಂಟು. ಒಮ್ಮೊಮ್ಮೆ ನಮಗೂ ಆ ಶಂಕೆ ಮೂಡುವುದುಂಟು. ಕಹಾಲನು ಲೋಕ ಓದದ ತನ್ನ ನುಡಿಯಲ್ಲಿಯೇ ಬರೆದನು. ಲೋಕಕ್ಕೆ ಮುಟ್ಟಿಸಬೇಕಾದಾಗ ಪರಭಾಷೆಯನ್ನೂ ದುಡಿಸಿಕೊಂಡನು. ಆತನು ಕಂಡದ್ದು ನಿಜವಾಗಿದ್ದುದರಿಂದ ಕೊನೆಗೆ ಲೋಕವೇ ಆತನ ನುಡಿಯನ್ನು ಕಲಿಯಲು ಬಂದಿತು. ಯಾವ ನುಡಿಯಲ್ಲಿ ಓದಿದೆವೆಂಬುದಕ್ಕಿಂತ, ಕಣ್ಣಿಟ್ಟು ನೋಡಿದೆವೇ, ನೋಡಿದ್ದನ್ನು ನೇರವಾಗಿ ಹೇಳಿದೆವೇ ಎಂಬುದೇ ದೊಡ್ಡದು. ಮದ್ರಿದಿನಲ್ಲಿ ಇಂದಿಗೂ ಕಾಪಾಡಿಕೊಂಡು ಬಂದಿರುವ ಆತನ ಸಾವಿರಾರು ಚಿತ್ರಗಳು ಮೌನವಾಗಿ ಹೇಳುತ್ತಿರುವುದು ಇದನ್ನೇ.